ಹೈ ಪ್ರೆಸ್ ಆಡುವ 4-3-3: ಮುಂದಿನ ಮೂವರು ಓಡಿದರೆ ಸಾಕೇ?

ಆರನೇ ಅಂಗಿ

ಫುಟ್‌ಬಾಲ್‌ನಲ್ಲಿ ಹೈ ಪ್ರೆಸ್ ಆಡುವ, ಅಂದರೆ ಎದುರಾಳಿಯ ಗೋಲಿನ ಬಳಿಯೇ ಒತ್ತಡ ಹಾಕಿ ಚೆಂಡು ಕಿತ್ತುಕೊಳ್ಳಲು ನೋಡುವ ತಂಡಗಳ ಕುರಿತ ಮಾತುಕತೆಯಲ್ಲಿ ಹೊಗಳಿಕೆಯೂ ತೆಗಳಿಕೆಯೂ ಹೆಚ್ಚಾಗಿ ಮುಂದಿನ ಮೂವರ ಪಾಲಿಗೇ ಹೋಗುತ್ತವೆ. ಪ್ರೆಸ್ ಫಲಿಸಿದರೆ ನಡುವೆ ಆಡುವ ಸ್ಟ್ರೈಕರ್ ಬೆವರು ಸುರಿಸಿದ ಎನ್ನುತ್ತೇವೆ, ಮುರಿದುಬಿದ್ದರೆ ಬದಿಯಲ್ಲಿ ಆಡುವ ವಿಂಗರ್ ಓಡಲಿಲ್ಲ ಎನ್ನುತ್ತೇವೆ. 4-3-3, ಅಂದರೆ ನಾಲ್ವರು ಡಿಫೆಂಡರ್, ಮೂವರು ಮಿಡ್‌ಫೀಲ್ಡರ್, ಮುಂದೆ ಮೂವರನ್ನು ನಿಲ್ಲಿಸಿ ಆಡುವ ತಂಡಗಳನ್ನು ಬಹುಕಾಲದಿಂದ ಗಮನಿಸುತ್ತ ಬಂದಿರುವ ನನಗೆ ಅನಿಸಿರುವುದು ಬೇರೆ: ಪ್ರೆಸ್‌ನ ಅಳಿವು ಉಳಿವು ಹಿಂದಿನ ನಾಲ್ವರು ಮತ್ತು ಅವರ ಮುಂದೆ ನಿಲ್ಲುವ ಡಿಫೆನ್ಸಿವ್ ಮಿಡ್‌ಫೀಲ್ಡರ್ ಎಷ್ಟು ಬೇಗ, ಎಷ್ಟು ಮುಂದಕ್ಕೆ ಬರುತ್ತಾರೆ ಎಂಬುದರ ಮೇಲೆ ನಿಂತಿದೆ. ಒಪ್ಪದವರು ದಯವಿಟ್ಟು ಕಾರಣಸಹಿತ ಬರೆಯಬೇಕೆಂದು ಕೋರುತ್ತೇನೆ.

ಒಂದು ಸನ್ನಿವೇಶವನ್ನು ತೆಗೆದುಕೊಳ್ಳೋಣ. ಎದುರಾಳಿ ಗೋಲ್‌ಕೀಪರ್ ತನ್ನ ಬಲಗಡೆಯ ಸೆಂಟರ್‌ಬ್ಯಾಕ್‌ಗೆ (ನಡುವಿನ ಡಿಫೆಂಡರ್‌ಗೆ) ಪಾಸ್ ಕೊಡುತ್ತಾನೆ. ನಮ್ಮ ಸ್ಟ್ರೈಕರ್ ನೇರವಾಗಿ ಅವನ ಮೇಲೆ ನುಗ್ಗದೆ, ಇಬ್ಬರು ಸೆಂಟರ್‌ಬ್ಯಾಕ್‌ಗಳ ನಡುವಿನ ದಾರಿ ಮುಚ್ಚುವಂತೆ ಬಳಸಿಕೊಂಡು ಓಡುತ್ತಾನೆ. ಚೆಂಡು ಇನ್ನು ಆಚೆ ಬದಿಗೆ ಸುಲಭವಾಗಿ ಹೋಗಲಾರದು. ನಮ್ಮ ಎಡ ವಿಂಗರ್ ಎದುರಾಳಿಯ ಬಲ ಫುಲ್‌ಬ್ಯಾಕ್‌ನನ್ನು (ಬದಿಯ ಡಿಫೆಂಡರ್‌ನನ್ನು) ಬೇಕೆಂದೇ ತುಸು ಬಿಡುವಾಗಿ ಬಿಟ್ಟು, ಪಾಸ್ ಹೊರಟ ಕ್ಷಣದಲ್ಲಿ ತಲುಪಬಲ್ಲಷ್ಟು ದೂರದಲ್ಲಿ ಕಾಯುತ್ತಾನೆ. ಪಾಸ್ ಹೊರಡುತ್ತದೆ, ಫುಲ್‌ಬ್ಯಾಕ್ ಮೈದಾನದ ಬದಿಗೆರೆಯಾದ ಟಚ್‌ಲೈನ್‌ನ ಪಕ್ಕದಲ್ಲಿ ಚೆಂಡನ್ನು ಪಡೆಯುತ್ತಾನೆ, ವಿಂಗರ್ ಮೈಮೇಲೆ ಬೀಳುವಂತೆ ಬಂದು ನಿಲ್ಲುತ್ತಾನೆ. ಇಷ್ಟೂ ಟಿವಿಯಲ್ಲಿ ಕಾಣುವ ಭಾಗ.

ಈಗ ಆ ಫುಲ್‌ಬ್ಯಾಕ್‌ಗೆ ಉಳಿದಿರುವ ದಾರಿಗಳು ಮೂರು. ಗೋಲ್‌ಕೀಪರ್‌ಗೆ ಹಿಂದಿರುಗಿಸಬಹುದು, ಗೆರೆಯುದ್ದಕ್ಕೂ ತನ್ನ ವಿಂಗರ್‌ನತ್ತ ಕಳುಹಿಸಬಹುದು, ಇಲ್ಲವೇ ಚೆಂಡು ಬೇಡುತ್ತ ಇಳಿದು ಬಂದ ಮಿಡ್‌ಫೀಲ್ಡರ್‌ನ ಕಾಲಿಗೆ ಕೊಡಬಹುದು. ಮೊದಲನೆಯದನ್ನು ಸ್ಟ್ರೈಕರ್ ನೋಡಿಕೊಳ್ಳುತ್ತಾನೆ. ಎರಡನೆಯದಕ್ಕೆ ನಮ್ಮ ಎಡ ಫುಲ್‌ಬ್ಯಾಕ್ ಮಧ್ಯಗೆರೆ ದಾಟಿ ಬಂದಿರಬೇಕು. ಮೂರನೆಯದಕ್ಕೆ ನಮ್ಮ ಮಿಡ್‌ಫೀಲ್ಡರ್ ಆ ಎದುರಾಳಿಯ ಬೆನ್ನಿಗೆ ಅಂಟಿಕೊಂಡಿರಬೇಕು. ಈ ಇಬ್ಬರಲ್ಲಿ ಒಬ್ಬರು ಹತ್ತು ಮೀಟರ್ ಹಿಂದೆ ಉಳಿದರೂ ಎದುರಾಳಿ ಒಂದೇ ಪಾಸ್‌ನಲ್ಲಿ ನಮ್ಮ ನಾಲ್ಕೈದು ಆಟಗಾರರನ್ನು ದಾಟಿ ಹೋಗುತ್ತಾನೆ. ಆಗ ನಾವು ವಿಂಗರ್‌ನನ್ನು ಬೈಯುತ್ತೇವೆ. ಅವನು ಮಾಡಬೇಕಾದುದೆಲ್ಲವನ್ನೂ ಸರಿಯಾಗಿಯೇ ಮಾಡಿರುತ್ತಾನೆ.

ಮೈದಾನದ ಉದ್ದ ಸಾಮಾನ್ಯವಾಗಿ 105 ಮೀಟರ್. ಇಟಲಿಯ ಕೋಚ್ ಅರ್ರಿಗೊ ಸಾಕಿ ತಮ್ಮ ಮಿಲಾನ್ ತಂಡದಲ್ಲಿ ಕೊನೆಯ ಡಿಫೆಂಡರ್‌ನಿಂದ ಮುಂದಿನ ಸ್ಟ್ರೈಕರ್‌ವರೆಗಿನ ಅಂತರ ಸುಮಾರು 25 ಮೀಟರ್ ಮೀರಬಾರದೆಂದು ಬಯಸುತ್ತಿದ್ದರು. ಸ್ಟ್ರೈಕರ್ ಎದುರಾಳಿಯ ಪೆನಾಲ್ಟಿ ಪ್ರದೇಶದ ಅಂಚಿನಲ್ಲಿ ಪ್ರೆಸ್ ಮಾಡುತ್ತಿದ್ದರೆ, ಆ ಲೆಕ್ಕದಲ್ಲಿ ಸೆಂಟರ್‌ಬ್ಯಾಕ್‌ಗಳು ಮಧ್ಯಗೆರೆಯನ್ನೂ ದಾಟಿ ಮುಂದಿರಬೇಕಾಗುತ್ತದೆ. ಬೆನ್ನ ಹಿಂದೆ ಅರ್ಧಕ್ಕೂ ಹೆಚ್ಚು ಮೈದಾನವನ್ನು ಖಾಲಿ ಬಿಟ್ಟು ಅಲ್ಲಿ ನಿಲ್ಲಲು ಬೇಕಾದ ಗಟ್ಟಿತನ ಎಷ್ಟು ಡಿಫೆಂಡರ್‌ಗಳಲ್ಲಿದೆ ಎಂಬುದೇ ನನ್ನ ಪ್ರಶ್ನೆ.

ಎಡಪಾರ್ಶ್ವ

ತಮ್ಮ ವಿಶ್ಲೇಷಣೆ ಚೆನ್ನಾಗಿದೆ, ಆದರೆ ಮುಂದಿನ ಮೂವರ ಕೆಲಸವನ್ನು ಬರೀ ಓಟವೆಂದು ಎಣಿಸಿರುವುದನ್ನು ನಾನು ಒಪ್ಪಲಾರೆ. ಅವರು ಯಾವ ಕೋನದಿಂದ ಓಡುತ್ತಾರೆ ಎಂಬುದರಿಂದಲೇ ಹಿಂದಿನವರು ಎಲ್ಲಿ ನಿಲ್ಲಬೇಕೆಂಬುದು ನಿರ್ಧಾರವಾಗುತ್ತದೆ. ಮೊದಲ ಓಟ ತಪ್ಪಿದರೆ ಡಿಫೆಂಡರ್ ಎಷ್ಟೇ ಧೈರ್ಯ ಮಾಡಿ ಮುಂದೆ ಬಂದರೂ ಅವನು ತಪ್ಪು ಜಾಗಕ್ಕೆ ಬಂದಿರುತ್ತಾನೆ.

ತಾವು ವಿವರಿಸಿದ್ದು ಎದುರಾಳಿಯನ್ನು ಟಚ್‌ಲೈನ್‌ಗೆ ತಳ್ಳುವ ಬಲೆ. ಕೋಚ್ ಯೂರ್ಗನ್ ಕ್ಲಾಪ್ ಅವರ ಲಿವರ್‌ಪೂಲ್ 2018ರಿಂದ 2020ರವರೆಗಿನ ತನ್ನ ಉತ್ತಮ ದಿನಗಳಲ್ಲಿ ಹಲವು ಬಾರಿ ಇದಕ್ಕೆ ತದ್ವಿರುದ್ಧವಾದುದನ್ನು ಮಾಡುತ್ತಿತ್ತು. ವಿಂಗರ್‌ಗಳಾದ ಸಲಾ ಮತ್ತು ಮಾನೆ ಹೊರಗಿನಿಂದ ಒಳಕ್ಕೆ ಓಡಿ, ಫುಲ್‌ಬ್ಯಾಕ್‌ಗೆ ಹೋಗುವ ದಾರಿಯನ್ನು ತಮ್ಮ ಬೆನ್ನ ನೆರಳಿನಲ್ಲಿ ಮುಚ್ಚಿಕೊಂಡೇ ಸೆಂಟರ್‌ಬ್ಯಾಕ್‌ನ ಮೇಲೆ ಬೀಳುತ್ತಿದ್ದರು. ಸ್ಟ್ರೈಕರ್ ಫರ್ಮಿನೊ ನಡುವೆ ಎದುರಾಳಿಯ ಡಿಫೆನ್ಸಿವ್ ಮಿಡ್‌ಫೀಲ್ಡರ್‌ನನ್ನು ಕಾಯುತ್ತ ನಿಲ್ಲುತ್ತಿದ್ದರು. ಚೆಂಡು ಹೋಗಬಹುದಾದ ಜಾಗವೆಂದರೆ ಮಧ್ಯಭಾಗ ಮಾತ್ರ, ಅಲ್ಲಿ ಮೂವರು ಮಿಡ್‌ಫೀಲ್ಡರ್‌ಗಳು ಹಸಿದು ಕಾಯುತ್ತಿದ್ದರು. ಮಧ್ಯದಲ್ಲಿ ಕಿತ್ತುಕೊಂಡ ಚೆಂಡಿನಿಂದ ಗೋಲಿಗೆ ಇರುವ ದಾರಿ ಗೆರೆಯ ಪಕ್ಕ ಕಿತ್ತುಕೊಂಡ ಚೆಂಡಿಗಿಂತ ಹತ್ತಿರದ್ದು. ಅಪಾಯವೂ ಅಷ್ಟೇ ಹೆಚ್ಚು, ಏಕೆಂದರೆ ವಿಂಗರ್‌ನ ತಲೆಯ ಮೇಲಿಂದ ಫುಲ್‌ಬ್ಯಾಕ್‌ಗೆ ಎತ್ತಿ ಕೊಟ್ಟ ಒಂದು ಪಾಸ್ ಇಡೀ ಬಲೆಯನ್ನು ಹರಿದು ಹಾಕುತ್ತದೆ.

ಹೀಗಾಗಿ ಒಂದೇ 4-3-3 ಎಂಬ ಸಂಖ್ಯೆಯ ಕೆಳಗೆ ಎರಡು ಬೇರೆ ಬೇರೆ ಆಟಗಳಿವೆ. ಯಾವುದನ್ನು ಆಡುತ್ತೇವೆಂಬುದನ್ನು ಮುಂದಿನ ಮೂವರ ಓಟದ ಕೋನವೇ ತೀರ್ಮಾನಿಸುತ್ತದೆ.

ಹಳೆಯ ಅಂಕಣ

ಇಬ್ಬರೂ ಹೇಳಿದ ಮಾತುಗಳಿಗೆ ಇತಿಹಾಸದಿಂದ ಕೊಂಚ ಸೇರಿಸುತ್ತೇನೆ. ಸಂಘಟಿತ ಪ್ರೆಸ್ಸಿಂಗ್ ಇತ್ತೀಚಿನ ಆವಿಷ್ಕಾರವೆಂಬ ಭಾವನೆ ಹಲವರಲ್ಲಿದೆ. ಕೋಚ್ ವಿಕ್ಟರ್ ಮಾಸ್ಲೊವ್ ಅವರ ಡೈನಮೊ ಕೀವ್ ತಂಡ 1960ರ ದಶಕದಲ್ಲೇ ಇದನ್ನು ಆಡಿ 1966, 1967 ಮತ್ತು 1968ರಲ್ಲಿ ಸತತವಾಗಿ ಸೋವಿಯತ್ ಲೀಗ್ ಗೆದ್ದಿತ್ತು. ಅದೇ ತಂಡವನ್ನು ಮುಂದೆ ಕಟ್ಟಿದ ವಲೇರಿ ಲೊಬನೊವ್ಸ್ಕಿ ಅದನ್ನು ಲೆಕ್ಕಾಚಾರದ ಶಿಸ್ತಿಗೆ ತಂದರು. 1975 ಮತ್ತು 1986ರಲ್ಲಿ ಕಪ್ ವಿನ್ನರ್ಸ್ ಕಪ್ ಅವರ ಪಾಲಾಯಿತು. ರೀನಸ್ ಮಿಖೆಲ್ಸ್ ಅವರ ಅಯಾಕ್ಸ್ ಮತ್ತು 1974ರ ವಿಶ್ವಕಪ್‌ನ ನೆದರ್ಲೆಂಡ್ಸ್ ತಂಡಗಳ ಹಳೆಯ ದೃಶ್ಯಗಳನ್ನು ಇಂದು ನೋಡಿದರೂ ಬೆರಗಾಗುತ್ತದೆ: ಎದುರಾಳಿಯೊಬ್ಬ ಚೆಂಡನ್ನು ತುಸು ತಡವರಿಸಿದರೆ ಸಾಕು, ಕಿತ್ತಳೆ ಅಂಗಿಯ ಐದಾರು ಜನ ಒಟ್ಟಿಗೆ ಅವನತ್ತ ನುಗ್ಗುತ್ತಾರೆ, ಹಿಂದಿನ ಸಾಲು ಅವರೊಂದಿಗೇ ಮುನ್ನುಗ್ಗಿ ಅರ್ಧ ಎದುರಾಳಿ ತಂಡವನ್ನು ಆಫ್‌ಸೈಡ್‌ನಲ್ಲಿ, ಅಂದರೆ ಡಿಫೆಂಡರ್‌ಗಳಿಗಿಂತ ಮುಂದಿದ್ದು ಪಾಸ್ ಪಡೆಯಲಾಗದ ಜಾಗದಲ್ಲಿ, ಬಿಟ್ಟುಬಿಡುತ್ತದೆ.

ಆರನೇ ಅಂಗಿಯವರ ವಾದಕ್ಕೆ ಅತ್ಯುತ್ತಮ ಸಾಕ್ಷಿ ಸಾಕಿಯವರ ಮಿಲಾನ್ ಎಂದೇ ನನ್ನ ಎಣಿಕೆ. 4-3-3 ಅಲ್ಲ, 4-4-2 ಆಡಿದ ಆ ತಂಡ 1989ರ ಯುರೋಪಿಯನ್ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು 5-0ಯಿಂದ, ಫೈನಲ್‌ನಲ್ಲಿ ಸ್ಟೆಯುವಾ ತಂಡವನ್ನು 4-0ಯಿಂದ ಸೋಲಿಸಿತು. ಚೆಂಡಿಲ್ಲದೆಯೇ ಹನ್ನೊಂದು ಜನರನ್ನು ಮೈದಾನದಲ್ಲಿ ನಿಲ್ಲಿಸಿ, ಚೆಂಡು ಇಂಥಲ್ಲಿದೆ ಎಂದು ಹೇಳಿ, ಎಲ್ಲರೂ ಅದಕ್ಕೆ ತಕ್ಕಂತೆ ಸರಿಯುವ ಅಭ್ಯಾಸವನ್ನು ಸಾಕಿ ಪದೇ ಪದೇ ಮಾಡಿಸುತ್ತಿದ್ದರು. ಬರೇಸಿ ಮತ್ತು ಮಾಲ್ದಿನಿ ಇದ್ದ ಆ ಸಾಲು ಒಂದೇ ಹೆಜ್ಜೆಯಲ್ಲಿ ಮುಂದೆ ಬರುತ್ತಿದ್ದುದು ಆ ಅಭ್ಯಾಸದ ಫಲ.

ನಿಯಮಗಳ ಪಾತ್ರವನ್ನೂ ಮರೆಯಬಾರದು. 1992ರಲ್ಲಿ, ಸಹ ಆಟಗಾರ ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಹಿಡಿಯುವಂತಿಲ್ಲ ಎಂಬ ನಿಯಮ ಬಂದ ಮೇಲೆ ಪ್ರೆಸ್ ಮಾಡುವವರಿಗೆ ಬಲ ಬಂತು. ಅದಕ್ಕೆ ಮೊದಲು ಎಂಥ ಒತ್ತಡವಿದ್ದರೂ ಚೆಂಡನ್ನು ಕೀಪರ್‌ನ ಕೈಗೆ ಕೊಟ್ಟು ಪಾರಾಗಬಹುದಾಗಿತ್ತು. 2019ರಲ್ಲಿ ಗೋಲ್ ಕಿಕ್ ಅನ್ನು ಪೆನಾಲ್ಟಿ ಪ್ರದೇಶದ ಒಳಗೇ ಸಹ ಆಟಗಾರ ಪಡೆಯಬಹುದೆಂದು ಬದಲಾಯಿಸಿದಾಗ ಲೆಕ್ಕ ಇನ್ನೊಮ್ಮೆ ತಿರುಗಿತು. ಈಗ ಎದುರಾಳಿ ತನ್ನ ಗೋಲಿನ ಮುಂದೆಯೇ ಪಾಸ್ ಆಡಲು ಆರಂಭಿಸುತ್ತಾನೆ, ನಮ್ಮನ್ನು ಅಲ್ಲಿಗೆ ಕರೆಸಿಕೊಂಡು ನಮ್ಮ ಸಾಲುಗಳ ನಡುವೆ ಬಿರುಕು ಮೂಡಿಸಲು ನೋಡುತ್ತಾನೆ.

ಗೋಲುಗಾವಲು

ಹಿಂದಿನ ನಾಲ್ವರ ಬಗ್ಗೆ ಇಷ್ಟು ಚರ್ಚೆ ನಡೆದರೂ ಅವರ ಹಿಂದೆ ನಿಲ್ಲುವವನ ಬಗ್ಗೆ ಯಾರೂ ಬರೆಯಲಿಲ್ಲ. ಡಿಫೆಂಡರ್ ಮಧ್ಯಗೆರೆಗೆ ಬಂದು ನಿಲ್ಲಬೇಕಾದರೆ, ಬೆನ್ನ ಹಿಂದೆ ಬಿದ್ದ ಚೆಂಡಿಗೆ ಗೋಲ್‌ಕೀಪರ್ ಓಡಿ ಬರುತ್ತಾನೆ ಎಂಬ ನಂಬಿಕೆ ಅವನಿಗಿರಬೇಕು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯ ವಿರುದ್ಧ ಮ್ಯಾನುಯೆಲ್ ನಾಯರ್ ಆಡಿದ ರೀತಿಯನ್ನು ನೆನಪಿಸಿಕೊಳ್ಳಿ. ಜರ್ಮನಿಯ ನಿಧಾನಗತಿಯ ಡಿಫೆಂಡರ್‌ಗಳ ಹಿಂದೆ ಅಲ್ಜೀರಿಯದವರು ಮತ್ತೆ ಮತ್ತೆ ಚೆಂಡು ಹಾಕಿದರು. ನಾಯರ್ ಪೆನಾಲ್ಟಿ ಪ್ರದೇಶದ ಹೊರಗೆ ಬಂದು ಕಾಲಿನಿಂದಲೂ ತಲೆಯಿಂದಲೂ ಅವುಗಳನ್ನು ದೂರ ಮಾಡುತ್ತಲೇ ಹೋದರು. ಹೆಚ್ಚುವರಿ ಸಮಯದಲ್ಲಿ 2-1ರಿಂದ ಗೆದ್ದ ಆ ಪಂದ್ಯವನ್ನು ಸಾಮಾನ್ಯ ಕೀಪರ್ ಒಬ್ಬನಿದ್ದಿದ್ದರೆ ಜರ್ಮನಿ ಸೋಲುತ್ತಿತ್ತೆಂದು ನಾನು ಬಲವಾಗಿ ನಂಬುತ್ತೇನೆ.

ಹೈ ಲೈನ್, ಅಂದರೆ ಡಿಫೆಂಡರ್‌ಗಳ ಸಾಲು ಮೈದಾನದಲ್ಲಿ ಮುಂದಕ್ಕೆ ನಿಲ್ಲುವುದು, ಎಷ್ಟರಮಟ್ಟಿಗೆ ಸಾಧ್ಯ ಎಂಬುದಕ್ಕೆ ಇನ್ನೊಂದು ಉದಾಹರಣೆ 2023ರ ನವೆಂಬರ್ 6ರಂದು ಟಾಟನ್‌ಹ್ಯಾಮ್ ಮತ್ತು ಚೆಲ್ಸಿ ನಡುವೆ ನಡೆದ ಪಂದ್ಯ. ಇಬ್ಬರು ಆಟಗಾರರು ಕೆಂಪು ಕಾರ್ಡ್ ಪಡೆದು ಹೊರಬಿದ್ದ ಮೇಲೂ, ಒಂಬತ್ತು ಜನರೊಂದಿಗೆ, ಕೋಚ್ ಪೋಸ್ಟೆಕೊಗ್ಲು ಅವರ ಟಾಟನ್‌ಹ್ಯಾಮ್ ತಂಡ ಮಧ್ಯಗೆರೆಯ ಹತ್ತಿರವೇ ಸಾಲು ಕಟ್ಟಿ ನಿಂತಿತು. 75ನೇ ನಿಮಿಷದವರೆಗೂ ಸ್ಕೋರ್ 1-1 ಆಗಿಯೇ ಇತ್ತು. ಕೊನೆಗೆ 4-1ರಿಂದ ಸೋತರು. ಇದನ್ನು ಹುಚ್ಚುತನವೆಂದು ಕರೆದವರು ಅನೇಕರು. ನನ್ನ ಆಕ್ಷೇಪ ಬೇರೆ ಕಡೆಗಿದೆ: ಒಂಬತ್ತು ಜನರಿದ್ದಾಗ ಚೆಂಡಿನ ಮೇಲೆ ಒತ್ತಡ ಹಾಕುವವರೇ ಇರಲಿಲ್ಲ, ಪಾಸ್ ಕೊಡುವವನು ತಲೆಯೆತ್ತಿ ನೋಡಿ ಬೇಕಾದಲ್ಲಿಗೆ ಚೆಂಡು ಹಾಕುತ್ತಿದ್ದ. ಚೆಂಡಿನ ಮೇಲೆ ಒತ್ತಡವಿಲ್ಲದ ಕ್ಷಣದಲ್ಲಿ ಸಾಲು ಹಿಂದೆ ಸರಿಯಲೇಬೇಕು. ಈ ಒಂದು ನಿಯಮವನ್ನು ಮುರಿಯುವ ಹೈ ಲೈನ್ ಯಾವ ಕೀಪರ್‌ನಿಂದಲೂ ಉಳಿಯಲಾರದು.

ಇದಕ್ಕೆ ಎದುರಾಗಿ 2024ರ ಅಕ್ಟೋಬರ್ 26ರಂದು ಹ್ಯಾನ್ಸಿ ಫ್ಲಿಕ್ ಅವರ ಬಾರ್ಸಿಲೋನಾ ರಿಯಲ್ ಮ್ಯಾಡ್ರಿಡ್‌ನ ಮೈದಾನದಲ್ಲೇ 4-0ಯಿಂದ ಗೆದ್ದ ಪಂದ್ಯವನ್ನು ಇಡಿ. ರಿಯಲ್ 12 ಬಾರಿ ಆಫ್‌ಸೈಡ್ ಆಯಿತು, ಅದರಲ್ಲಿ 8 ಬಾರಿ ಎಂಬಾಪೆ ಒಬ್ಬರೇ. ಜಗತ್ತಿನ ಅತಿ ವೇಗದ ಸ್ಟ್ರೈಕರ್‌ಗಳಲ್ಲಿ ಒಬ್ಬರ ಎದುರು ಯುವಕರಿದ್ದ ಆ ಸಾಲು ಕದಲದೆ ನಿಂತಿತು. ಆದರೂ ಅದೇ ತಂಡ ಮುಂದಿನ ವರ್ಷ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಟರ್‌ಗೆ ಎರಡು ಪಂದ್ಯಗಳಲ್ಲಿ ಒಟ್ಟು ಏಳು ಗೋಲು ಬಿಟ್ಟುಕೊಟ್ಟು ಹೊರಬಿತ್ತು. ಎರಡನ್ನೂ ಒಟ್ಟಿಗೆ ನೋಡದೆ ಈ ತಂತ್ರದ ಬಗ್ಗೆ ತೀರ್ಪು ಕೊಡುವುದು ಸರಿಯಲ್ಲ.

ಮೈದಾನದ ಬದಿ

ನಾನು ಹದಿಹರೆಯದ ಆಟಗಾರರಿಗೆ ತರಬೇತಿ ಕೊಡುವವನು, ಆದ್ದರಿಂದ ಇದನ್ನು ಕಲಿಸುವ ಕಡೆಯಿಂದ ಬರೆಯುತ್ತೇನೆ.

ಹುಡುಗರಿಗೆ ಪ್ರೆಸ್ ಮಾಡಿ ಎಂದರೆ ಎಲ್ಲರೂ ಚೆಂಡಿನತ್ತ ಓಡುತ್ತಾರೆ. ಯಾವಾಗ ಓಡಬೇಕು ಎಂಬುದನ್ನು ಕಲಿಸುವುದೇ ಬಹುಪಾಲು ಕೆಲಸ. ನಾವು ಕೆಲವು ಸೂಚನೆಗಳನ್ನು ಗೊತ್ತುಮಾಡಿಕೊಂಡಿದ್ದೇವೆ: ಎದುರಾಳಿ ತನ್ನ ಗೋಲಿಗೆ ಮುಖಮಾಡಿ, ಅಂದರೆ ನಮಗೆ ಬೆನ್ನು ಕೊಟ್ಟು ಚೆಂಡು ಪಡೆದಾಗ, ಪಾಸ್ ನಿಧಾನವಾಗಿ ಉರುಳುತ್ತಿರುವಾಗ ಅಥವಾ ಪುಟಿಯುತ್ತ ಬರುವಾಗ, ಮೊದಲ ಸ್ಪರ್ಶದಲ್ಲಿ ಚೆಂಡು ಕಾಲಿನಿಂದ ದೂರ ಸರಿದಾಗ, ಟಚ್‌ಲೈನ್ ಪಕ್ಕದ ಫುಲ್‌ಬ್ಯಾಕ್‌ಗೆ ಚೆಂಡು ಹೋದಾಗ. ಇವುಗಳಲ್ಲಿ ಒಂದು ಕಂಡರೆ ಹತ್ತಿರದವನು ಹೊರಡುತ್ತಾನೆ, ಉಳಿದವರು ಅವನನ್ನು ನೋಡಿ ಹೊರಡುತ್ತಾರೆ. ಯಾವ ಸೂಚನೆಯೂ ಇಲ್ಲದಿದ್ದರೆ ಯಾರೂ ಒಂಟಿಯಾಗಿ ಹೋಗಕೂಡದು. ಒಬ್ಬನೇ ಹೋದ ಓಟ ಎದುರಾಳಿಗೆ ಕೊಟ್ಟ ಉಡುಗೊರೆ.

ಆರನೇ ಅಂಗಿಯವರ ಅಭಿಪ್ರಾಯವನ್ನು ನಾನು ಪ್ರತಿ ಅಭ್ಯಾಸದಲ್ಲೂ ಕಣ್ಣಾರೆ ಕಾಣುತ್ತೇನೆ. ಅರ್ಧ ಮೈದಾನದಲ್ಲಿ ಎಂಟು ಜನರಿಗೆ ಎಂಟು ಜನರನ್ನು ಆಡಿಸಿ, ಚೆಂಡು ಕಿತ್ತುಕೊಂಡ ತಂಡದ ಎಂಟೂ ಜನ ಗುರುತು ಹಾಕಿದ ಗೆರೆಯನ್ನು ದಾಟಿ ಮುಂದಿದ್ದರೆ ಮಾತ್ರ ಅವರು ಹೊಡೆದ ಗೋಲನ್ನು ಎಣಿಸುತ್ತೇವೆ. ಆರಂಭದಲ್ಲಿ ಗೋಲುಗಳು ಎಣಿಕೆಗೆ ಬರುವುದೇ ಇಲ್ಲ, ಏಕೆಂದರೆ ಸೆಂಟರ್‌ಬ್ಯಾಕ್‌ಗಳು ತಮ್ಮ ಜಾಗದಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ಮುಂದಿನವರು ತಿರುಗಿ ಕೂಗಲು ಶುರುಮಾಡುತ್ತಾರೆ. ಕೋಚ್ ಹೇಳಿದ್ದಕ್ಕಿಂತ ಜೊತೆಯವನು ಕೂಗಿದ್ದಕ್ಕೆ ಕಾಲು ಬೇಗ ಕದಲುತ್ತದೆ.

ಇನ್ನೊಂದು ವಿಷಯ, ಚೆಂಡು ಕಳೆದುಕೊಂಡ ಕೂಡಲೇ ಮಾಡುವ ಪ್ರೆಸ್. ಜರ್ಮನಿಯ ಕೋಚ್ ರಾಲ್ಫ್ ರಾಂಗ್ನಿಕ್ ತಮ್ಮ ತಂಡಗಳಿಗೆ ಎಂಟು ಸೆಕೆಂಡುಗಳ ಒಳಗೆ ಚೆಂಡು ವಾಪಸು ಪಡೆಯುವ ಗುರಿ ಇಡುತ್ತಿದ್ದುದು ಪ್ರಸಿದ್ಧ. ಕಳೆದುಕೊಂಡ ಕ್ಷಣದಲ್ಲಿ ಎದುರಾಳಿ ಇನ್ನೂ ರಕ್ಷಣೆಯ ಸ್ಥಿತಿಯಿಂದ ಹೊರಬಂದಿರುವುದಿಲ್ಲ, ಚೆಂಡು ಪಡೆದವನು ಸುತ್ತ ನೋಡಿರುವುದಿಲ್ಲ. ಅದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗದು. ಇದಕ್ಕೆ ನಾನು ಹುಡುಗರಿಗೆ ತೋರಿಸುವುದು 2019ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಬಾರ್ಸಿಲೋನಾವನ್ನು 4-0ಯಿಂದ ಸೋಲಿಸಿದ ಪಂದ್ಯದ ಎರಡನೇ ಗೋಲು. 54ನೇ ನಿಮಿಷ, ಬಲಬದಿ. ಫುಲ್‌ಬ್ಯಾಕ್ ಅಲೆಕ್ಸಾಂಡರ್-ಆರ್ನಲ್ಡ್ ಚೆಂಡನ್ನು ಜೋರ್ಡಿ ಆಲ್ಬಾಗೆ ಕಳೆದುಕೊಳ್ಳುತ್ತಾರೆ, ತಿರುಗಿ ಹಿಂದಕ್ಕೆ ಓಡುವ ಬದಲು ಅಲ್ಲೇ ಮೇಲೆ ಬಿದ್ದು ವಾಪಸು ಪಡೆಯುತ್ತಾರೆ, ಕ್ರಾಸ್ ಹಾಕುತ್ತಾರೆ, ವೈನಾಲ್ಡಮ್ ಗೋಲು ಹೊಡೆಯುತ್ತಾರೆ. ಆ ಫುಲ್‌ಬ್ಯಾಕ್ ಅಷ್ಟು ಮುಂದೆ ಇರದಿದ್ದರೆ ಅದು ಗೋಲೇ ಅಲ್ಲ.

ಎಡಪಾರ್ಶ್ವ

ಮೈದಾನದ ಬದಿಯವರು ಕೊಟ್ಟ ಉದಾಹರಣೆ ನನ್ನ ನಿಲುವನ್ನು ತುಸು ಸಡಿಲಿಸಿದೆ ಎಂಬುದನ್ನು ಸಂತೋಷದಿಂದಲೇ ಬರೆಯುತ್ತೇನೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾವು ಇದುವರೆಗೆ ಮಾತನಾಡಿದ್ದು ಜಾಗ ಕಾಯುವ ಪ್ರೆಸ್ ಬಗ್ಗೆ. ಕೋಚ್‌ಗಳಾದ ಮಾರ್ಸೆಲೊ ಬಿಯೆಲ್ಸಾ ಮತ್ತು ಜಾನ್ ಪಿಯೆರೊ ಗ್ಯಾಸ್ಪೆರಿನಿ ಅವರ ತಂಡಗಳು ಆಳಿಗೆ ಆಳನ್ನು ಕಟ್ಟಿಕೊಂಡು ಆಡುತ್ತವೆ. ಅಲ್ಲಿ ಸಾಲು ಎಂಬುದೇ ಚದುರಿ ಹೋಗಿರುತ್ತದೆ, ಸೆಂಟರ್‌ಬ್ಯಾಕ್ ತನ್ನವನನ್ನು ಹಿಂಬಾಲಿಸಿ ಎದುರಾಳಿಯ ಅರ್ಧಭಾಗಕ್ಕೂ ಹೋಗುತ್ತಾನೆ. ಗ್ಯಾಸ್ಪೆರಿನಿ ಅವರ ಅಟಲಾಂಟಾ 2024ರ ಯುರೋಪಾ ಲೀಗ್ ಫೈನಲ್‌ನಲ್ಲಿ, ಅಲ್ಲಿಯವರೆಗೆ ಸತತ 51 ಪಂದ್ಯಗಳಲ್ಲಿ ಸೋಲರಿಯದಿದ್ದ ಲೆವರ್‌ಕುಸೆನ್ ತಂಡವನ್ನು 3-0ಯಿಂದ ಮಣಿಸಿದ್ದು ಹೀಗೆಯೇ. ಪಾಸ್ ಆಡಲು ಯಾರೂ ಬಿಡುವಾಗಿ ಸಿಗದಿದ್ದಾಗ ಅಷ್ಟು ಚೆನ್ನಾಗಿ ಆಡುತ್ತಿದ್ದ ತಂಡ ಉಸಿರುಗಟ್ಟಿದಂತಾಯಿತು. ಇದಕ್ಕೆ ಪ್ರತಿಯಾಗಿ, ಬಿಯೆಲ್ಸಾ ಅವರ ಲೀಡ್ಸ್ 2020ರ ಡಿಸೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಎದುರು 6-2ರಿಂದ ಸೋತಿತು. ಒಬ್ಬ ಮಿಡ್‌ಫೀಲ್ಡರ್ ತನ್ನನ್ನು ಕಾಯುವವನಿಂದ ಒಮ್ಮೆ ತಪ್ಪಿಸಿಕೊಂಡರೆ ಅವನ ಮುಂದೆ ಗೋಲಿನವರೆಗೆ ಹೆದ್ದಾರಿ ತೆರೆದಿರುತ್ತಿತ್ತು. ಈ ಬಗೆಯ ಪ್ರೆಸ್‌ನಲ್ಲಿ ಆರನೇ ಅಂಗಿಯವರ 25 ಮೀಟರ್ ಲೆಕ್ಕ ಎಲ್ಲಿ ನಿಲ್ಲುತ್ತದೆ?

ಆರನೇ ಅಂಗಿ

ಒಳ್ಳೆಯ ಪ್ರಶ್ನೆ. ಆಳಿಗೆ ಆಳು ಆಡುವಾಗ ಸಾಲುಗಳ ನಡುವಿನ ಅಂತರದ ಬದಲು ಆಳುಗಳ ನಡುವಿನ ಅಂತರವನ್ನು ಅಳೆಯಬೇಕಾಗುತ್ತದೆ, ಅಷ್ಟೇ. ಆಗಲೂ ಮೊದಲು ಕುಸಿಯುವುದು ಹಿಂದೆಯೇ: ಸ್ಟ್ರೈಕರ್ ತನ್ನ ಆಳನ್ನು ಒಂದು ಗಜ ಬಿಟ್ಟರೆ ಎದುರಾಳಿಗೆ ಒಂದು ಪಾಸ್ ಸಿಗುತ್ತದೆ, ಸೆಂಟರ್‌ಬ್ಯಾಕ್ ಒಂದು ಗಜ ಬಿಟ್ಟರೆ ಗೋಲು ಸಿಗುತ್ತದೆ. ಹಾಗಾಗಿ ಆ ತಂಡಗಳಲ್ಲಿ ಹಿಂದಿನವರ ಮೇಲಿನ ಭಾರ ನಾನು ಮೊದಲು ಬರೆದುದಕ್ಕಿಂತಲೂ ಹೆಚ್ಚು. ಗೋಲುಗಾವಲು ಅವರು ಹೇಳಿದ ನಿಯಮವನ್ನು ನಾನು ಸಂಪೂರ್ಣವಾಗಿ ಒಪ್ಪುತ್ತೇನೆ. ಚೆಂಡು ಹಿಡಿದವನು ತಲೆಯೆತ್ತಲು ಸಮಯ ಪಡೆದಿದ್ದಾನೆಂದರೆ ಸಾಲು ಮೊದಲ ಹೆಜ್ಜೆಯನ್ನು ಹಿಂದಕ್ಕೆ ಇಡಬೇಕು, ಅವನು ತಲೆ ತಗ್ಗಿಸಿದ ಕೂಡಲೇ ಮತ್ತೆ ಮುಂದಕ್ಕೆ.

ಅಂಕಿ-ಅಂಶಗಳನ್ನು ನೆಚ್ಚುವವರಿಗೆ ಒಂದು ಎಚ್ಚರಿಕೆ. ಪಿಪಿಡಿಎ ಎಂಬ ಅಳತೆ ಈಗ ಎಲ್ಲ ಕಡೆ ಕಾಣುತ್ತದೆ. ಎದುರಾಳಿ ತನ್ನ ಗೋಲಿನ ಕಡೆಯ 60 ಶೇಕಡಾ ಮೈದಾನದಲ್ಲಿ ಆಡಿದ ಪಾಸ್‌ಗಳನ್ನು, ಅದೇ ಭಾಗದಲ್ಲಿ ನಾವು ಮಾಡಿದ ಟ್ಯಾಕಲ್, ಫೌಲ್, ಚೆಂಡು ತಡೆದದ್ದು ಮುಂತಾದವುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವುದು ಅದು. ಕಡಿಮೆ ಬಂದಷ್ಟೂ ಪ್ರೆಸ್ ತೀವ್ರ ಎಂದರ್ಥ. ತಂಡ ಎಷ್ಟು ಮೈಮೇಲೆ ಬಿದ್ದು ಆಡಿತು ಎಂಬುದನ್ನು ಅದು ಹೇಳುತ್ತದೆ. ಆ ಹೊತ್ತಿನಲ್ಲಿ ಸೆಂಟರ್‌ಬ್ಯಾಕ್‌ಗಳು ಎಲ್ಲಿದ್ದರು ಎಂಬುದನ್ನು ಹೇಳುವುದಿಲ್ಲ. ಅದರಲ್ಲೂ ಎದುರಾಳಿ ಪ್ರೆಸ್‌ಗೆ ಹೆದರಿ ಪಾಸ್ ಆಡುವುದನ್ನೇ ಬಿಟ್ಟು ಉದ್ದಕ್ಕೆ ಒದೆಯಲು ಆರಂಭಿಸಿದರೆ, ಆ ಚೆಂಡು ನೆಲಕ್ಕೆ ಬಿದ್ದಾಗ ಅದರ ಸುತ್ತ ನಮ್ಮವರೆಷ್ಟು ಜನ ಇದ್ದರು ಎಂಬುದೇ ಪಂದ್ಯವನ್ನು ನಿರ್ಧರಿಸುತ್ತದೆ. ಸಾಲುಗಳು ಚಾಚಿಕೊಂಡಿದ್ದರೆ ಆ ಎರಡನೇ ಚೆಂಡು ಪ್ರತಿ ಬಾರಿಯೂ ಎದುರಾಳಿಯದೇ.

ಮೈದಾನದ ಬದಿ

ದಣಿವಿನ ಪ್ರಶ್ನೆಯನ್ನು ಯಾರೂ ಎತ್ತದ ಕಾರಣ ನಾನೇ ಕೇಳುತ್ತೇನೆ. ಐವರು ಬದಲಿ ಆಟಗಾರರ ನಿಯಮ 2022ರಲ್ಲಿ ಕಾಯಂ ಆದ ಮೇಲೆ ದೊಡ್ಡ ತಂಡಗಳು 60ನೇ ನಿಮಿಷದ ಹೊತ್ತಿಗೆ ಮುಂದಿನ ಮೂವರನ್ನೂ ಬದಲಾಯಿಸಿಕೊಂಡು ಅದೇ ತೀವ್ರತೆಯಲ್ಲಿ ಮುಂದುವರಿಯಬಲ್ಲವು. ನಮ್ಮಂಥ ಸಣ್ಣ ತಂಡಗಳ ಬೆಂಚಿನಲ್ಲಿ ಅಷ್ಟು ಜನ ಇರುವುದಿಲ್ಲ. ಆಗ ಏನು ಮಾಡಬೇಕು? ಸ್ಟ್ರೈಕರ್ ದಣಿದ ಮೇಲೆ ಸಾಲನ್ನು ಮಾತ್ರ ಮುಂದೆಯೇ ನಿಲ್ಲಿಸಿದರೆ ಟಾಟನ್‌ಹ್ಯಾಮ್‌ಗೆ ಆದದ್ದೇ ನಮಗೂ ಆಗುತ್ತದೆ.

ಆರನೇ ಅಂಗಿ

ಮುಂದಿನವರ ಕಾಲು ಸೋತಾಗ ಇಡೀ ತಂಡ ಒಟ್ಟಿಗೇ ಹಿಂದೆ ಸರಿಯಬೇಕು. 25 ಮೀಟರ್ 25 ಮೀಟರ್ ಆಗಿಯೇ ಉಳಿಯಲಿ, ಅದು ನಿಲ್ಲುವ ಜಾಗ ಮಾತ್ರ ಬದಲಾಗಲಿ. ಇಬ್ಬರು ವಿಂಗರ್‌ಗಳು ಮಿಡ್‌ಫೀಲ್ಡರ್‌ಗಳ ಮಟ್ಟಕ್ಕೆ ಇಳಿದು, ಮೂವರು ಮಿಡ್‌ಫೀಲ್ಡರ್‌ಗಳಲ್ಲಿ ಒಬ್ಬ ಸ್ಟ್ರೈಕರ್‌ನ ಜೊತೆಗೆ ಹೋದರೆ 4-4-2 ಆಗುತ್ತದೆ, ಮಧ್ಯಗೆರೆಯ ಬಳಿ ಕಾಯಬಹುದು, ಓಟದ ದೂರ ಅರ್ಧಕ್ಕಿಳಿಯುತ್ತದೆ. ಎದುರಾಳಿಯ ಸೆಂಟರ್‌ಬ್ಯಾಕ್‌ಗಳು ತಮ್ಮತಮ್ಮಲ್ಲೇ ಪಾಸ್ ಆಡಿಕೊಳ್ಳಲಿ. ಗೋಲ್ ಕಿಕ್ ಬಂದಾಗ, ಎದುರಾಳಿಯ ಥ್ರೋ ಅವನ ಮೂಲೆಯಲ್ಲಿದ್ದಾಗ, ಇವೆರಡರಲ್ಲಿ ಮಾತ್ರ ಮತ್ತೆ ಮುಂದೆ ಹೋಗಿ ಪ್ರೆಸ್ ಮಾಡಿ, ಏಕೆಂದರೆ ಆಗ ಆಟ ನಿಂತಿರುತ್ತದೆ, ಹಿಂದಿನ ನಾಲ್ವರೂ ನಡೆದುಕೊಂಡೇ ಮಧ್ಯಗೆರೆಗೆ ಬಂದು ನಿಲ್ಲಬಹುದು.

ಆ ಹೊತ್ತಿನಲ್ಲಿ ಯಾವಾಗ ಮುಂದೆ, ಯಾವಾಗ ಹಿಂದೆ ಎಂದು ಕೂಗುವ ಕೆಲಸವನ್ನು ಒಬ್ಬನಿಗೇ ಒಪ್ಪಿಸಿ, ಮತ್ತು ಅವನು ಸೆಂಟರ್‌ಬ್ಯಾಕ್ ಆಗಿರಲಿ. ಇಡೀ ಮೈದಾನ ಅವನ ಕಣ್ಣ ಮುಂದಿರುತ್ತದೆ, ಸ್ಟ್ರೈಕರ್‌ಗೆ ತನ್ನ ಬೆನ್ನ ಹಿಂದೆ ಏನಾಗುತ್ತಿದೆ ಎಂಬುದು ಕಾಣುವುದಿಲ್ಲ.